ತೊಟ್ಟಿಲಿನ ಮಾತು, ಶಾಲೆಯ ಮಾತು: ದಕ್ಷಿಣ ಆಫ್ರಿಕಾದ ಖೋಸಾ ಮಕ್ಕಳ ಭಾಷೆಯ ಇತಿಹಾಸ



ಮುಂದೆ ಓದುವ ಮೊದಲು ದಯವಿಟ್ಟು ಒಂದು ಸಣ್ಣ ಪ್ರಯೋಗ ಮಾಡಿ. ಯಾರಾದರೂ ಕೆಟ್ಟ ಸುದ್ದಿ ಹೇಳಿದಾಗ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ತಗುಲಿಸಿ 'ಚ್ಚ್ ಚ್ಚ್' ಎಂದು ಲೊಚಗುಟ್ಟುತ್ತೇವಲ್ಲ, ಹಾಗೆ ಒಮ್ಮೆ ಮಾಡಿ. ಜಟಕಾದವರು ಕುದುರೆಯನ್ನು ಮುಂದೆ ಹೊರಡಿಸಲು ಕೆನ್ನೆಯ ಪಕ್ಕದಿಂದ ಒಂದು ಸದ್ದು ತೆಗೆಯುತ್ತಿದ್ದರು. ಅದನ್ನೂ ಮಾಡಿ. ಇನ್ನು ಮಕ್ಕಳು ಕುದುರೆ ಆಟ ಆಡುವಾಗ ನಾಲಿಗೆಯನ್ನು ಅಂಗುಳಿಗೆ ಒತ್ತಿ ಥಟ್ಟನೆ ಬಿಟ್ಟು 'ಟೊಕ್ ಟೊಕ್' ಎನ್ನುತ್ತಾರೆ. ಈ ಮೂರೂ ಸದ್ದುಗಳು ನಮಗೆ ಬರುತ್ತವೆ. ಆದರೆ ನಮ್ಮ ಭಾಷೆಯಲ್ಲಿ ಅವು ಅಕ್ಷರಗಳಲ್ಲ, ಬರೀ ಸದ್ದುಗಳು.

ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಪ್ರಾಂತ್ಯದಲ್ಲಿ ಹುಟ್ಟುವ ಮಗುವಿಗೆ ಈ ಮೂರೂ ಅಕ್ಷರಗಳೇ. ಅಲ್ಲಿಯ ಜನ ಆಡುವ ಭಾಷೆ ಇಸಿಖೋಸಾ. ಈ ಹೆಸರಿನ ನಡುವೆ ಬರುವ ವ್ಯಂಜನವೇ ಜಟಕಾದವರ ಆ ಪಕ್ಕದ ಸದ್ದು. ಅದನ್ನು ಬರೆಯಲು ನಮ್ಮ ಲಿಪಿಯಲ್ಲಿ ಅಕ್ಷರವಿಲ್ಲದ್ದರಿಂದ ಬೇರೆ ದಾರಿಯಿಲ್ಲದೆ 'ಖೋಸಾ' ಎಂದು ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಿ 'ಕ್ಲಿಕ್' ಎಂದು ಕರೆಯುವ ಈ ಧ್ವನಿಗಳು ಹುಟ್ಟುವ ಸ್ಥಾನ ಮೂರೇ. ಆದರೆ ಮಹಾಪ್ರಾಣ, ಘೋಷ, ಅನುನಾಸಿಕ ಮುಂತಾದ ಭೇದಗಳು ಸೇರಿ ಸಾಮಾನ್ಯ ಲೆಕ್ಕದಲ್ಲಿ 18 ಆಗುತ್ತವೆ. ನಮ್ಮ ಕ, ಖ, ಗ, ಘ, ಙ ವರ್ಗವನ್ನು ನೆನಪಿಸಿಕೊಂಡರೆ ಇದರ ಏರ್ಪಾಡು ಸುಲಭವಾಗಿ ತಿಳಿಯುತ್ತದೆ. 2011ರ ಜನಗಣತಿಯ ಪ್ರಕಾರ ಆ ದೇಶದಲ್ಲಿ 81 ಲಕ್ಷಕ್ಕೂ ಹೆಚ್ಚು ಜನರ, ಅಂದರೆ ಶೇಕಡಾ 16ರಷ್ಟು ಜನರ ಮನೆಮಾತು ಇದು. ಜುಲು ಭಾಷೆಯ ನಂತರ ಎರಡನೆಯ ಸ್ಥಾನ ಇದರದು. ನೆಲ್ಸನ್ ಮಂಡೇಲಾ ಅವರ ಮಾತೃಭಾಷೆಯೂ ಇದೇ.

ಮಂಡೇಲಾ ಹುಟ್ಟಿದ್ದು 1918ರಲ್ಲಿ. ತಂದೆ ಇಟ್ಟ ಹೆಸರು ರೋಲಿಹ್ಲಾಹ್ಲಾ. ಕುನು ಎಂಬ ಹಳ್ಳಿಯ ಮಿಷನ್ ಶಾಲೆಗೆ ಸೇರಿದ ಮೊದಲ ದಿನವೇ ಅಲ್ಲಿನ ಶಿಕ್ಷಕಿ ಈ ದಿನದಿಂದ ನಿನ್ನ ಹೆಸರು ನೆಲ್ಸನ್ ಎಂದರು. ಎಲ್ಲ ಮಕ್ಕಳಿಗೂ ಹೀಗೆ ಒಂದೊಂದು ಇಂಗ್ಲಿಷ್ ಹೆಸರು ಕೊಡುವುದು ಆಗಿನ ರೂಢಿ. ಆ ಶಿಕ್ಷಕಿಯೂ ಖೋಸಾ ಮಾತನಾಡುವ ಕಪ್ಪು ಹೆಣ್ಣುಮಗಳೇ. ಶಿಕ್ಷಕ ವೃತ್ತಿಯಲ್ಲಿರುವ ನನಗೆ ಈ ಪ್ರಸಂಗ ಬಹಳ ದಿನ ಕಾಡಿದೆ. ಮಗು ಶಾಲೆಯ ಹೊಸ್ತಿಲು ದಾಟುವ ಹೊತ್ತಿಗೆ ಮನೆಯಲ್ಲಿ ಆರೇಳು ವರ್ಷ ಏನನ್ನು ಕಲಿತು ಬಂದಿರುತ್ತದೆ, ಹೊಸ್ತಿಲಿನಲ್ಲಿ ನಾವು ಅದನ್ನು ಏನು ಮಾಡುತ್ತೇವೆ? ಖೋಸಾ ಭಾಷೆಯ ಇತಿಹಾಸವನ್ನು ನಾನು ಓದತೊಡಗಿದ್ದು ಈ ಪ್ರಶ್ನೆಯಿಂದ.

ಮೊದಲು ತೊಟ್ಟಿಲಿನ ವಿಷಯ. ಮಗು ಮಾತನಾಡುವ ಮೊದಲು ಕೇಳುತ್ತದೆ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಕೆನಡಾದ ಇಬ್ಬರು ವಿದ್ವಾಂಸರು ಪ್ರಕಟಿಸಿದ ಒಂದು ಪ್ರಯೋಗ ನಮಗೆ ತೀರಾ ಹತ್ತಿರದ್ದು. ಅವರು ಇಂಗ್ಲಿಷ್ ಮನೆಗಳ ಹಸುಗೂಸುಗಳಿಗೆ ಹಿಂದಿಯ 'ತ' ಮತ್ತು 'ಟ' ಕೇಳಿಸಿದರು. ನಮ್ಮ ಕನ್ನಡದ, ಉರ್ದುವಿನ ತ ಮತ್ತು ಟ ಕೂಡ ಇವೇ. ಆರರಿಂದ ಎಂಟು ತಿಂಗಳಿನ ಕೂಸುಗಳಿಗೆ ಎರಡರ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತಿತ್ತು. ಹತ್ತು-ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಹೆಚ್ಚುಕಡಿಮೆ ಮಾಯವಾಗಿತ್ತು. ಮನೆಯಲ್ಲಿ ಬಳಕೆಯಿಲ್ಲದ ಭೇದವನ್ನು ಕಿವಿ ಕೈಬಿಟ್ಟಿತ್ತು. ಆದರೆ 1988ರಲ್ಲಿ ಕ್ಯಾಥರೀನ್ ಬೆಸ್ಟ್ ಮತ್ತು ಸಂಗಡಿಗರು ಜುಲು ಭಾಷೆಯ ಕ್ಲಿಕ್ಕುಗಳನ್ನು ಇಂಗ್ಲಿಷ್ ಮಕ್ಕಳಿಗೂ ದೊಡ್ಡವರಿಗೂ ಕೇಳಿಸಿದಾಗ ಫಲಿತಾಂಶ ಬೇರೆಯೇ ಬಂತು. ವರ್ಷ ತುಂಬಿದ ಮಕ್ಕಳೂ ದೊಡ್ಡವರೂ ಅವುಗಳ ಭೇದವನ್ನು ಚೆನ್ನಾಗಿಯೇ ಗುರುತಿಸಿದರು. ಅವರು ಕೊಟ್ಟ ವಿವರಣೆ ಇದು: ತ ಮತ್ತು ಟ ಎರಡನ್ನೂ ಇಂಗ್ಲಿಷಿನ ಕಿವಿ ತನ್ನ ಒಂದೇ ಅಕ್ಷರದ ಡಬ್ಬಿಗೆ ಹಾಕಿಕೊಳ್ಳುತ್ತದೆ. ಕ್ಲಿಕ್ಕಿಗೆ ಅಲ್ಲಿ ಡಬ್ಬಿಯೇ ಇಲ್ಲ. ಅದು ಮರದ ಮೇಲೆ ಬಡಿದ ಸದ್ದಿನಂತೆ ಮಾತಿನ ಹೊರಗೇ ಉಳಿದು ಸ್ಪಷ್ಟವಾಗಿ ಕೇಳುತ್ತದೆ. ಭೇದ ಕೇಳಿಸುವುದು ಬೇರೆ, ಅದನ್ನು ಅಕ್ಷರವಾಗಿ ಕೇಳುವುದು ಬೇರೆ. ಎರಡನೆಯದು ಖೋಸಾ ಅಥವಾ ಜುಲು ಮನೆಯ ಕೂಸಿನ ಪಾಲಿಗೆ ಮಾತ್ರ.

ಇಷ್ಟು ಕಷ್ಟದ ಸದ್ದುಗಳನ್ನು ಮಕ್ಕಳು ಎಲ್ಲಕ್ಕಿಂತ ಕೊನೆಯಲ್ಲಿ ಕಲಿಯಬಹುದು ಎಂದು ನೀವು ಊಹಿಸಿದ್ದರೆ, ನಾನೂ ಹಾಗೆಯೇ ಊಹಿಸಿದ್ದೆ. ಅದು ತಪ್ಪು. 1991ರಲ್ಲಿ ಮೌರರ್ ಮತ್ತು ಬರ್ಗರ್ ಎಂಬವರು ಎರಡೂವರೆಯಿಂದ ಆರು ವರ್ಷದ ಖೋಸಾ ಮಕ್ಕಳನ್ನು ಇಂಗ್ಲಿಷ್ ಮಕ್ಕಳ ಜೊತೆಗಿಟ್ಟು ನೋಡಿದರು. ಒಟ್ಟಾರೆ ಖೋಸಾ ಮಕ್ಕಳೇ ತಮ್ಮ ಭಾಷೆಯ ವ್ಯಂಜನಗಳನ್ನು ಬೇಗ ಕಲಿಯುತ್ತಿದ್ದರು. ನಂತರ ಕೇಪ್‌ಟೌನ್ ವಿಶ್ವವಿದ್ಯಾಲಯದ ಆಫ್ರಿಕನ್ ಭಾಷಾ ಪ್ರಾಧ್ಯಾಪಕ ಸಂದಿಲೆ ಗ್ಖಿಲಿಶೆ ಅವರು ಮಕ್ಕಳ ಕ್ಲಿಕ್ಕುಗಳ ಬಗ್ಗೆಯೇ 2004ರಲ್ಲಿ ಅಧ್ಯಯನ ಪ್ರಕಟಿಸಿದರು. (ಅವರ ಮನೆತನದ ಹೆಸರು ಕೂಡ ಕ್ಲಿಕ್ಕಿನಿಂದಲೇ ಶುರುವಾಗುತ್ತದೆ. ನಾನು ಬರೆದಿರುವ ಕನ್ನಡ ರೂಪವನ್ನು ಅವರು ಕ್ಷಮಿಸಬೇಕು.) ಪುಟ್ಟ ಮಕ್ಕಳು ಶುರುವಿನಲ್ಲಿ ಕ್ಲಿಕ್ಕಿನ ಜಾಗಕ್ಕೆ 'ತ' ಅಥವಾ 'ಕ' ಹಾಕಿ ನಿಭಾಯಿಸುತ್ತಾರೆ. ನಮ್ಮ ಮಕ್ಕಳು 'ರೊಟ್ಟಿ'ಗೆ 'ಲೊಟ್ಟಿ' ಎಂದಂತೆ. ಮೂರು ವರ್ಷ ತುಂಬುವ ಹೊತ್ತಿಗೆ ಕ್ಲಿಕ್ಕುಗಳೂ ಸೇರಿ ಭಾಷೆಯ ಬಹುಪಾಲು ಧ್ವನಿಗಳು ಬಾಯಲ್ಲಿ ಕುಳಿತಿರುತ್ತವೆ. ಕೆಲವು ಮಾತ್ರ ಶಾಲೆಗೆ ಸೇರುವ ವಯಸ್ಸಿನವರೆಗೆ ಎಳೆಯುತ್ತವೆ. ಕಷ್ಟ ಎನ್ನುವುದು ಹೊರಗಿನಿಂದ ಬಂದವನಿಗೆ. ದಖನಿ ಮಾತನಾಡುವ ಮನೆಯಿಂದ ಬಂದ ನನ್ನ ಒಂದನೇ ತರಗತಿಯ ಮಕ್ಕಳು 'ಬೇಳೆ'ಯನ್ನು 'ಬೇಲೆ' ಎನ್ನುತ್ತಾರೆ. ಲಖನೌದವರು ಗಂಟಲಿನ ಆಳದಿಂದ ಹೇಳುವ 'ಕಲಮ್' ನಮ್ಮ ದಖನಿ ಬಾಯಲ್ಲಿ 'ಖಲಮ್' ಆಗುತ್ತದೆ. ಯಾವ ಮಗುವಿನ ನಾಲಿಗೆಯೂ ದಪ್ಪವಲ್ಲ. ಅದು ಹುಟ್ಟಿದ ಮನೆಯ ಮಾತನ್ನು ಚೊಕ್ಕವಾಗಿ ಕಲಿತಿದೆ, ಅಷ್ಟೇ.

ಧ್ವನಿಗಿಂತ ದೊಡ್ಡ ಅಚ್ಚರಿ ವ್ಯಾಕರಣದಲ್ಲಿದೆ. ಕನ್ನಡದಲ್ಲಿ 'ಮಗು ಆಡುತ್ತದೆ', 'ಮಕ್ಕಳು ಆಡುತ್ತಾರೆ' ಎನ್ನುವಾಗ ಹೊಂದಾಣಿಕೆ ಕ್ರಿಯಾಪದದ ಬಾಲದಲ್ಲಿ ಕಾಣುತ್ತದೆ. ಖೋಸಾದಲ್ಲಿ ಅದು ತಲೆಯಲ್ಲಿದೆ. 'ಉಮ್‌ನ್ತ್ವಾನ ಉಯದ್ಲಾಲ' ಎಂದರೆ ಮಗು ಆಡುತ್ತಿದೆ, 'ಅಬನ್ತ್ವಾನ ಬಯದ್ಲಾಲ' ಎಂದರೆ ಮಕ್ಕಳು ಆಡುತ್ತಿದ್ದಾರೆ. ನಾಮಪದಗಳೆಲ್ಲ ಹದಿನೈದರಷ್ಟು ವರ್ಗಗಳಲ್ಲಿ ಹಂಚಿಹೋಗಿವೆ. ಪ್ರತಿ ವರ್ಗಕ್ಕೂ ತನ್ನದೇ ಮುಂಪ್ರತ್ಯಯ. ಕ್ರಿಯಾಪದ, ಗುಣವಾಚಕ, 'ಇದು', 'ಅದು' ಎಲ್ಲವೂ ಆ ಮುಂಪ್ರತ್ಯಯದ ತಾಳಕ್ಕೆ ಹೆಜ್ಜೆ ಹಾಕಬೇಕು. ಮಗು ಇದನ್ನು ಕಲಿಯುವ ದಾರಿ ಜುಲು, ಸೆಸೊತೊ, ಸಿಸ್ವಾತಿಯಂಥ ಸೋದರ ಭಾಷೆಗಳಲ್ಲೂ ಬಹುಮಟ್ಟಿಗೆ ಒಂದೇ. ಮೊದಲು ಮುಂಪ್ರತ್ಯಯವನ್ನೇ ಬಿಟ್ಟು 'ತ್ವಾನ' ಎಂಬಂತೆ ಹೇಳುತ್ತದೆ. ಆಮೇಲೆ ಆ ಜಾಗದಲ್ಲಿ ಬರೀ ಒಂದು ಸ್ವರದ ನೆರಳು, 'ಅ-ತ್ವಾನ' ಎಂಬ ಹಾಗೆ. ಕೊನೆಗೆ ಪೂರ್ತಿ 'ಅಬನ್ತ್ವಾನ'. ಯಾರೂ ತಿದ್ದಿ ಬರೆಸುವುದಿಲ್ಲ, ಕೋಷ್ಟಕ ಬಾಯಿಪಾಠ ಮಾಡಿಸುವುದಿಲ್ಲ. ಮೂರು ವರ್ಷದ ಹೊತ್ತಿಗೆ ಈ ಏರ್ಪಾಡಿನ ಮುಖ್ಯ ಭಾಗ ಮಗುವಿನ ವಶದಲ್ಲಿರುತ್ತದೆ.

ಈ ಕ್ಲಿಕ್ಕುಗಳು ಖೋಸಾ ಜನರ ಪೂರ್ವಿಕರು ಉತ್ತರದಿಂದ ಹೊತ್ತು ತಂದವಲ್ಲ. ಖೋಸಾ, ಜುಲು, ಸ್ವಾಹಿಲಿ ಎಲ್ಲವೂ ಬಂಟು ಎಂಬ ಒಂದೇ ದೊಡ್ಡ ಕುಟುಂಬದ ಭಾಷೆಗಳು. ಆ ಕುಟುಂಬದ ಮೂಲದಲ್ಲಿ ಕ್ಲಿಕ್ಕುಗಳಿರಲಿಲ್ಲ. ದನ ಸಾಕುತ್ತ, ಜೋಳ ಬೆಳೆಯುತ್ತ ದಕ್ಷಿಣಕ್ಕೆ ಸರಿದು ಬಂದ ಈ ಜನ ಅಲ್ಲಿ ಮೊದಲೇ ಇದ್ದ ಖೊಯಿ ದನಗಾಹಿಗಳನ್ನೂ ಸಾನ್ ಬೇಟೆಗಾರರನ್ನೂ ಕಂಡರು. ಕ್ಲಿಕ್ಕು ಅವರ ಸೊತ್ತು. ಅದು ಖೋಸಾ ಬಾಯಿಗೆ ಹೇಗೆ ಬಂತು? ವಿದ್ವಾಂಸರು ಎರಡು ದಾರಿ ತೋರಿಸುತ್ತಾರೆ. ಎರಡೂ ಅಡುಗೆಮನೆಯ ಮೂಲಕವೇ ಹಾದುಹೋಗುತ್ತವೆ.

ಒಂದು ದಾರಿ ಮದುವೆ. ಖೊಯಿ ಮತ್ತು ಸಾನ್ ಹೆಣ್ಣುಮಕ್ಕಳು ಖೋಸಾ ಮನೆಗಳಿಗೆ ಸೊಸೆಯರಾಗಿ ಬಂದರು. ಇಂದಿನ ವಂಶವಾಹಿ ಅಧ್ಯಯನಗಳೂ ಖೋಸಾ ಜನರ ತಾಯಿಯ ಕಡೆಯ ಪರಂಪರೆಯಲ್ಲಿ ಆ ರಕ್ತವನ್ನು ಗುರುತಿಸಿವೆ. ತಾಯಿ ಜೋಗುಳ ಹಾಡಿದ ಬಾಯಿಯಿಂದ ಮಗುವಿನ ಕಿವಿಗೆ ಆ ಸದ್ದು ಇಳಿಯಿತು. ಇನ್ನೊಂದು ದಾರಿ 'ಹ್ಲೊನಿಫಾ' ಎಂಬ ಮರ್ಯಾದೆಯ ಕಟ್ಟಳೆ. ನಮ್ಮ ಮನೆಗಳಲ್ಲೂ ಹಿಂದೆ ಹೆಂಡತಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಮುಸ್ಲಿಮ್ ಮನೆಯಲ್ಲಿ 'ಮುನ್ನಾನ ಅಬ್ಬಾ', ಪಕ್ಕದ ಹಿಂದೂ ಮನೆಯಲ್ಲಿ 'ನಮ್ಮನೆಯವರು'. ಖೋಸಾ ಸೊಸೆಯ ಕಟ್ಟಳೆ ಇದಕ್ಕಿಂತ ಬಿಗಿ. ಮಾವನ ಹೆಸರನ್ನು ಮಾತ್ರವಲ್ಲ, ಆ ಹೆಸರಿನಲ್ಲಿರುವ ಅಕ್ಷರಗಳು ಬರುವ ಬೇರೆ ಪದಗಳನ್ನೂ ಅವಳು ಬಿಡಬೇಕು. ಮಾವನ ಹೆಸರಿನ ಉಚ್ಚಾರ 'ನೀರು' ಎಂಬ ಪದದಲ್ಲಿದ್ದರೆ ನೀರಿಗೆ ಬೇರೆ ಪದ ಹುಡುಕಬೇಕು. ಹಾಗೆ ಹುಡುಕುವಾಗ ನಿಷಿದ್ಧ ವ್ಯಂಜನವನ್ನು ತೆಗೆದು ಅದರ ಜಾಗಕ್ಕೆ ನೆರೆಯವರ ಕ್ಲಿಕ್ಕನ್ನು ಇಟ್ಟರು ಎಂಬುದು ಒಂದು ಬಲವಾದ ವಾದ. ಹೆಂಗಸರ ಈ ಒಳಮಾತನ್ನು ಅವರ ಸೆರಗು ಹಿಡಿದ ಮಕ್ಕಳು ಕಲಿತು, ಕ್ರಮೇಣ ಅದು ಎಲ್ಲರ ಮಾತಾಯಿತು. ರಾಜರ, ಯುದ್ಧಗಳ ಇತಿಹಾಸವನ್ನೇ ಪಾಠ ಮಾಡುವ ನಮಗೆ ಇಂಥದ್ದೂ ಇತಿಹಾಸವೇ ಎಂಬುದು ಮರೆತುಹೋಗುತ್ತದೆ.

ಈ ಭಾಷೆ ಕಾಗದಕ್ಕೆ ಬಂದದ್ದು ಎರಡು ನೂರು ವರ್ಷಗಳ ಹಿಂದೆ. ಸ್ಕಾಟ್ಲೆಂಡಿನ ಮಿಷನರಿ ಜಾನ್ ಬೆನಿ 1821ರಲ್ಲಿ ಅಲ್ಲಿಗೆ ಬಂದರು. 1823ರ ಡಿಸೆಂಬರಿನಲ್ಲಿ ಜಾನ್ ರಾಸ್ ಎಂಬವರು ಒಂದು ಸಣ್ಣ ಮುದ್ರಣಯಂತ್ರವನ್ನು ತ್ಯುಮೆ ನದಿಯ ಕಣಿವೆಗೆ ಹೊತ್ತು ತಂದರು. ಬಂದ ಕೆಲವೇ ದಿನಗಳಲ್ಲಿ ಖೋಸಾ ಅಕ್ಷರಮಾಲೆ ಅಚ್ಚಾಯಿತು. ಕ್ಲಿಕ್ಕುಗಳಿಗೆ ರೋಮನ್ ಲಿಪಿಯಲ್ಲಿ ಅಕ್ಷರವೆಲ್ಲಿ? ಖೋಸಾಗೆ ಬೇಡವಾಗಿ ಉಳಿದಿದ್ದ ಸಿ, ಎಕ್ಸ್, ಕ್ಯೂ ಎಂಬ ಮೂರು ಅಕ್ಷರಗಳನ್ನೇ ಆ ಕೆಲಸಕ್ಕೆ ಹಚ್ಚಲಾಯಿತು. 1834ರಲ್ಲಿ ವಿಲಿಯಂ ಬಾಯ್ಸ್ ಎಂಬ ಇನ್ನೊಬ್ಬ ಮಿಷನರಿ ಗ್ರಹಾಮ್ಸ್‌ಟೌನಿನಲ್ಲಿ ಮೊದಲ ವ್ಯಾಕರಣವನ್ನು ಅಚ್ಚು ಹಾಕಿಸಿದರು. ಮುಂಪ್ರತ್ಯಯಗಳ ತಾಳಕ್ಕೆ ವಾಕ್ಯವೆಲ್ಲ ಹೆಜ್ಜೆ ಹಾಕುವ ಗುಟ್ಟನ್ನು ಬಿಡಿಸಿದ ಕೀರ್ತಿ ಅವರದು. ಮೂರು ವರ್ಷದ ಮಗುವಿಗೆ ತಿಳಿದಿದ್ದ ಸಂಗತಿಯನ್ನು ಕಂಡುಹಿಡಿಯಲು ಪಂಡಿತರಿಗೆ ಅಷ್ಟು ಕಾಲ ಬೇಕಾಯಿತು.

ಆ ವ್ಯಾಕರಣದ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಪುಸ್ತಕದ ಮೇಲೆ ಈ ಭಾಷೆಯನ್ನು 'ಕಾಫಿರ್ ಭಾಷೆ' ಎಂದು ಕರೆಯಲಾಗಿದೆ. ಹೌದು, ನಮಗೆಲ್ಲ ಗೊತ್ತಿರುವ ಆ ಅರಬಿ ಪದವೇ. ಆಫ್ರಿಕಾದ ಪೂರ್ವ ಕರಾವಳಿಯ ಅರಬ್ ವ್ಯಾಪಾರಿಗಳು ಇಸ್ಲಾಮಿಗೆ ಬಾರದ ಜನರನ್ನು ಹಾಗೆ ಕರೆದರು. ಪೋರ್ಚುಗೀಸರು ಅವರಿಂದ ಎತ್ತಿಕೊಂಡರು, ಡಚ್ಚರೂ ಇಂಗ್ಲಿಷರೂ ಪೋರ್ಚುಗೀಸರಿಂದ. ಕೊನೆಗೆ ಅದು ಕಪ್ಪು ಮನುಷ್ಯನ ಮುಖಕ್ಕೆ ಉಗಿಯುವ ಬೈಗುಳವಾಯಿತು. ಆ ದೇಶದಲ್ಲಿ ಈಗ ಅದನ್ನು ಪೂರ್ತಿಯಾಗಿ ಉಚ್ಚರಿಸಲೂ ಜನ ಹಿಂಜರಿಯುತ್ತಾರೆ. 2018ರಲ್ಲಿ ಆ ಪದವನ್ನು ಮತ್ತೆಮತ್ತೆ ಬಳಸಿ ನಿಂದಿಸಿದ ಒಬ್ಬ ಮಹಿಳೆಗೆ ನ್ಯಾಯಾಲಯ ಜೈಲುಶಿಕ್ಷೆ ವಿಧಿಸಿತು. ನಮ್ಮ ಧರ್ಮದ ಒಂದು ಪಾರಿಭಾಷಿಕ ಪದ ಎಲ್ಲೆಲ್ಲಿ ಹೋಗಿ ಏನೇನಾಯಿತು ಎಂಬುದನ್ನು ನಾವು ಓದಿಯಾದರೂ ತಿಳಿದಿರಬೇಕು. ಭಾಷೆ, ಬಣ್ಣಗಳ ವ್ಯತ್ಯಾಸವನ್ನು ಪವಿತ್ರ ಕುರ್‌ಆನ್ ಅರ್ರೂಮ್ ಅಧ್ಯಾಯದಲ್ಲಿ ಅಲ್ಲಾಹನ ದೃಷ್ಟಾಂತಗಳ ಸಾಲಿಗೆ ಸೇರಿಸಿದೆ.

1841ರಲ್ಲಿ ಲವ್‌ಡೇಲ್ ಶಿಕ್ಷಣ ಸಂಸ್ಥೆ ಆರಂಭವಾಯಿತು. 1859ರಲ್ಲಿ ಇಡೀ ಬೈಬಲ್ ಖೋಸಾದಲ್ಲಿ ಬಂತು. 1884ರಲ್ಲಿ ಜಾನ್ ಟೆಂಗೊ ಜಬಾವು 'ಇಮ್ವೊ ಜಬನ್ತ್ಸುಂಡು' ಪತ್ರಿಕೆ ಹೊರಡಿಸಿದರು. 1914ರಲ್ಲಿ ಎಸ್.ಇ.ಕೆ. ಮ್ಖಾಯಿ ಅವರ ಕಾದಂಬರಿ ಬಂತು. ಒಟ್ಟಿನಲ್ಲಿ ಬರೀ ನೂರು ವರ್ಷಗಳಲ್ಲಿ ತೊಟ್ಟಿಲಿನ ಭಾಷೆ ಪತ್ರಿಕೆ, ಕಾವ್ಯ, ಕಾದಂಬರಿಗಳ ಭಾಷೆಯಾಯಿತು.

ಇಲ್ಲಿಯವರೆಗೆ ಓದಿದ ನೀವು, ಹಾಗಾದರೆ ಮಾತೃಭಾಷಾ ಶಿಕ್ಷಣವೇ ಪರಿಹಾರ ಎಂದು ನಾನು ಬರೆಯುತ್ತೇನೆ ಎಂದುಕೊಂಡಿರಬಹುದು. ಬಿ.ಎಡ್. ತರಗತಿಯಲ್ಲಿ ನಾವೆಲ್ಲ ಹಾಗೆಯೇ ಬರೆದು ಅಂಕ ಪಡೆದವರು. ದಕ್ಷಿಣ ಆಫ್ರಿಕಾದ ಇತಿಹಾಸ ಅಷ್ಟು ಸರಳವಾಗಿಲ್ಲ. 1953ರಲ್ಲಿ ಬಿಳಿಯರ ಸರ್ಕಾರ ಬಂಟು ಶಿಕ್ಷಣ ಕಾಯ್ದೆ ತಂದಿತು. ಕಪ್ಪು ಮಕ್ಕಳಿಗೆ ಎಂಟು ವರ್ಷ ಮಾತೃಭಾಷೆಯಲ್ಲೇ ಶಿಕ್ಷಣ ಎಂಬುದು ಅದರಡಿಯ ನೀತಿ. ಕೇಳಲು ಎಷ್ಟು ಚೆನ್ನ! ಆದರೆ ಉದ್ದೇಶ ಮಗುವಿನ ಭಾಷೆಯ ಮೇಲಿನ ಪ್ರೀತಿಯಲ್ಲ. ಖೋಸಾ ಹುಡುಗ ಖೋಸಾ ಮೀಸಲು ಪ್ರದೇಶದಲ್ಲೇ ಉಳಿಯಲಿ, ಜುಲು ಹುಡುಗ ಅವನದರಲ್ಲಿ, ನಗರಕ್ಕೆ ಬಂದರೆ ಕೂಲಿಯಾಗಿ ಬರಲಿ ಎಂಬ ಲೆಕ್ಕಾಚಾರ. ಕಾಯ್ದೆ ತಂದ ಮಂತ್ರಿ ವರ್ವೂಡ್ ಇದನ್ನು ಮುಚ್ಚಿಡಲೂ ಇಲ್ಲ. ತಾಯಿಯ ಮಾತನ್ನೇ ಬೇಲಿ ಮಾಡಿದರು.

ಅದು ಸಾಲದೆಂಬಂತೆ 1974ರಲ್ಲಿ ಗಣಿತ, ಸಮಾಜ ವಿಷಯಗಳನ್ನು ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕೆಂಬ ಆದೇಶ ಬಂತು. ಶಿಕ್ಷಕರಿಗೇ ಆ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. 1976ರ ಜೂನ್ 16ರಂದು ಸೊವೆಟೊದ ಸಾವಿರಾರು ಶಾಲಾಮಕ್ಕಳು ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಸತ್ತವರಲ್ಲಿ ಹೆಕ್ಟರ್ ಪೀಟರ್ಸನ್‌ಗೆ ಹನ್ನೆರಡು ವರ್ಷ, ನಮ್ಮ ಲೆಕ್ಕದಲ್ಲಿ ಏಳನೇ ತರಗತಿಯ ಹುಡುಗ.

ಈ ಆಫ್ರಿಕಾನ್ಸ್ ಭಾಷೆಯ ಇನ್ನೊಂದು ಮುಖ ನಮ್ಮ ಓದುಗರಿಗೆ ಗೊತ್ತಿರಲಿ. ದಬ್ಬಾಳಿಕೆಯ ಭಾಷೆ ಎನಿಸಿಕೊಂಡ ಇದನ್ನು ಮೊದಮೊದಲು ಬರೆಯಲು ತೊಡಗಿದವರಲ್ಲಿ ಕೇಪ್‌ಟೌನಿನ ಮದರಸಗಳ ಮಕ್ಕಳು ಸೇರಿದ್ದಾರೆ. ತಿದೋರೆ ದ್ವೀಪದ ವಿದ್ವಾಂಸ, 'ತುಆನ್ ಗುರು' ಎಂದೇ ಹೆಸರಾದ ಇಮಾಮ್ ಅಬ್ದುಲ್ಲಾ ಅವರನ್ನು ಡಚ್ಚರು 1780ರಲ್ಲಿ ರಾಬೆನ್ ದ್ವೀಪದ ಸೆರೆಗೆ ತಳ್ಳಿದ್ದರು. ಮುಂದೆ ಮಂಡೇಲಾ ಇದ್ದದ್ದೂ ಅದೇ ದ್ವೀಪದಲ್ಲಿ. ಬಿಡುಗಡೆಯಾದ ವರ್ಷವೇ, 1793ರಲ್ಲಿ, ಅವರು ಡಾರ್ಪ್ ಬೀದಿಯಲ್ಲಿ ಮದರಸ ತೆರೆದರು. ಗುಲಾಮರ ಮಕ್ಕಳು ಅಲ್ಲಿ ಓದಿದರು. ಆ ಗುಲಾಮರಲ್ಲಿ ಬಂಗಾಳ, ಮಲಬಾರ್, ಕೋರಮಂಡಲದಿಂದ ಹಡಗಿಗೆ ಹತ್ತಿಸಿದ ನಮ್ಮ ಉಪಖಂಡದವರೂ ಇದ್ದರು. ಕಾಲಕ್ರಮದಲ್ಲಿ ಅವರ ಮನೆಮಾತಾದ ಆಫ್ರಿಕಾನ್ಸನ್ನು ಅರಬಿ ಲಿಪಿಯಲ್ಲಿ ಬರೆಯಲಾಯಿತು. ಉಸ್ಮಾನಿ ಸುಲ್ತಾನರು ಕಳಿಸಿದ್ದ ಅಬೂಬಕರ್ ಎಫೆಂದಿ ಅವರ 'ಬಯಾನುದ್ದೀನ್' ಎಂಬ ಧಾರ್ಮಿಕ ಗ್ರಂಥ ಅದೇ ಲಿಪಿಯಲ್ಲಿ 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಮಕ್ಕಳಿಗೆ ದೀನ್ ತಲುಪಬೇಕಾದರೆ ಅವರ ಮನೆಮಾತಿನಲ್ಲೇ ತಲುಪಬೇಕು ಎಂದು ಅವರಿಗೆ ಗೊತ್ತಿತ್ತು. ಒಂದೇ ಭಾಷೆ ಒಂದು ಕಡೆ ಗುಲಾಮನ ಮಗುವಿಗೆ ಬೆಳಕಾಗಿ, ಇನ್ನೊಂದು ಕಡೆ ಸೊವೆಟೊದ ಮಗುವಿಗೆ ಗುಂಡಾಗಿ ಬಂತು.

1996ರ ಸಂವಿಧಾನ ಖೋಸಾ ಸೇರಿ 11 ಭಾಷೆಗಳಿಗೆ ಅಧಿಕೃತ ಸ್ಥಾನ ಕೊಟ್ಟಿತು. 2023ರಲ್ಲಿ ಸಂಜ್ಞಾಭಾಷೆ 12ನೆಯದಾಗಿ ಸೇರಿತು. ಆದರೂ ಬಹುಕಾಲ ಶಾಲೆಗಳಲ್ಲಿ ನಡೆದದ್ದು ಇಷ್ಟೇ: ಮೂರನೇ ತರಗತಿಯವರೆಗೆ ಮನೆಮಾತು, ನಾಲ್ಕಕ್ಕೆ ಬಂದೊಡನೆ ಎಲ್ಲವೂ ಇಂಗ್ಲಿಷ್. ಪಿರ್ಲ್ಸ್ ಎಂಬ ಅಂತರರಾಷ್ಟ್ರೀಯ ಓದಿನ ಪರೀಕ್ಷೆಯಲ್ಲಿ ಅಲ್ಲಿನ ನಾಲ್ಕನೇ ತರಗತಿಯ ಮಕ್ಕಳಲ್ಲಿ ಅರ್ಥ ತಿಳಿದು ಓದಲಾರದವರು 2016ರಲ್ಲಿ ಶೇಕಡಾ 78, 2021ರಲ್ಲಿ ಶೇಕಡಾ 81. ಇನ್ನೊಂದು ಕಹಿ ಸತ್ಯವೂ ಇದೆ. ಖೋಸಾದಲ್ಲಿ ಪರೀಕ್ಷೆ ಬರೆದ ಮಕ್ಕಳು ಇಂಗ್ಲಿಷಿನಲ್ಲಿ ಬರೆದವರಿಗಿಂತ ಹಿಂದೆಯೇ ಇದ್ದರು. ಮನೆಮಾತಿನಲ್ಲಿ ಕಲಿಸಿದರೆ ಸಾಲದು, ಆ ಭಾಷೆಯಲ್ಲಿ ಮಕ್ಕಳ ಪುಸ್ತಕ ಬೇಕು, ಗ್ರಂಥಾಲಯ ಬೇಕು, ಓದು ಕಲಿಸಲು ತರಬೇತಾದ ಶಿಕ್ಷಕರು ಬೇಕು. ಬಡವರ ಭಾಷೆಯ ಶಾಲೆಗೆ ಬಡವರ ಸೌಲಭ್ಯವೇ ಸಿಗುತ್ತದೆ. ಉರ್ದು ಶಾಲೆಯಲ್ಲಿ ಪಾಠ ಮಾಡುವ ನನಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪೂರ್ವ ಕೇಪಿನಲ್ಲಿ 2012ರಿಂದ ಕೆಲವು ಶಾಲೆಗಳು ಗಣಿತ, ವಿಜ್ಞಾನವನ್ನು ನಾಲ್ಕನೇ ತರಗತಿಯ ಆಚೆಗೂ ಖೋಸಾದಲ್ಲಿ ಕಲಿಸಿ ನೋಡಿದವು. 2025ರಿಂದ ಇಡೀ ದೇಶದಲ್ಲಿ ನಾಲ್ಕನೇ ತರಗತಿಯಿಂದ ಹೀಗೆ ಮುಂದುವರಿಸುವ ಕೆಲಸ ಶುರುವಾಯಿತು. ಅನೇಕ ತಂದೆತಾಯಿಗಳು ಅನುಮಾನದಿಂದಲೇ ನೋಡುತ್ತಿದ್ದಾರೆ. 1953 ಅವರ ಮನೆಯ ಹಿರಿಯರಿಗೆ ಇನ್ನೂ ನೆನಪಿದೆ. ಅವರನ್ನು ಇಂಗ್ಲಿಷ್ ಮೋಹಿಗಳೆಂದು ಹಳಿಯಲು ನನಗೆ ಬಾಯಿ ಬರುವುದಿಲ್ಲ.

ಶಾಲೆಗಿಂತ ಮೊದಲಿನ ಅನ್ಯಾಯ ಇನ್ನೊಂದು. ಮಗುವಿನ ಮಾತು ತಡವೇ ಎಂದು ಪರೀಕ್ಷಿಸುವ ಸಾಧನಗಳು ಅಲ್ಲಿ ಬಹುಕಾಲ ಇಂಗ್ಲಿಷ್ ಮತ್ತು ಆಫ್ರಿಕಾನ್ಸಿನಲ್ಲಿ ಮಾತ್ರ ಇದ್ದವು. ಖೋಸಾ ಮಗುವಿಗೆ ಇಂಗ್ಲಿಷ್ ಪರೀಕ್ಷೆಯನ್ನು ಅನುವಾದಿಸಿ ಕೇಳಿದರೆ ಏನು ತಿಳಿದೀತು? ಮುಂಪ್ರತ್ಯಯ, ಕ್ಲಿಕ್ಕು ಯಾವುದೂ ಅದರಲ್ಲಿಲ್ಲ. ಈಗ ಅಲ್ಲಿನ ಸಂಶೋಧಕರು ಆ ದೇಶದ ಒಂದೊಂದು ಭಾಷೆಗೂ ಪದಪಟ್ಟಿಗಳನ್ನು ಸಿದ್ಧಪಡಿಸುತ್ತಿದ್ದಾರೆ. ಎಂಟು ತಿಂಗಳಿನಿಂದ ಎರಡೂವರೆ ವರ್ಷದವರೆಗಿನ ಮಕ್ಕಳ ತಾಯಿ ಅಥವಾ ಅಜ್ಜಿಯನ್ನು ಕೂರಿಸಿಕೊಂಡು, ಮಗು ಯಾವ ಪದ ತಿಳಿಯುತ್ತದೆ, ಯಾವುದನ್ನು ಹೇಳುತ್ತದೆ ಎಂದು ಒಂದೊಂದಾಗಿ ಕೇಳಿ ಗುರುತು ಹಾಕುವ ಕ್ರಮ ಇದು. ದುಡಿಮೆಗೆಂದು ತಂದೆತಾಯಿ ದೂರದ ನಗರಗಳಿಗೆ ಹೋಗುವ ಪೂರ್ವ ಕೇಪಿನ ಹಳ್ಳಿಗಳಲ್ಲಿ ಉತ್ತರ ಹೇಳುವವಳು ಎಷ್ಟೋ ಸಲ ಅಜ್ಜಿಯೇ.

ಕಳೆದ ದಾಖಲಾತಿ ಸಮಯದಲ್ಲಿ ಒಬ್ಬ ತಾಯಿ ದೊಡ್ಡ ಮಗನನ್ನು ಸೇರಿಸಲು ಬಂದಿದ್ದರು. ಕಂಕುಳಲ್ಲಿ ಎರಡು ವರ್ಷದ ಮಗಳು. "ಆಪಾ, ಇವಳಿಗೆ ಮಾತು ತಡ ಅಂತ ತಪಾಸಣೆಯಲ್ಲಿ ಬರೆದುಕೊಟ್ಟಿದ್ದಾರೆ. ಮನೆಯಲ್ಲಿ ನಮ್ಮ ಮಾತು ಬಿಟ್ಟು ಒಂದೇ ಭಾಷೆ ಮಾತಾಡಿ ಅಂದರು," ಎಂದು ಕಣ್ಣು ತುಂಬಿಕೊಂಡರು. ತಪಾಸಣೆ ಮಾಡಿದವರು ಯಾವ ಭಾಷೆಯಲ್ಲಿ ಕೇಳಿದರು ಎಂದೆ. ಬರೀ ಕನ್ನಡದಲ್ಲಂತೆ. ಅವರನ್ನು ಕೂರಿಸಿ, ಖೋಸಾ ಅಜ್ಜಿಯರಿಗೆ ಕೇಳುವ ಹಾಗೆಯೇ ಕೇಳುತ್ತ ಹೋದೆ: ಮನೆಯಲ್ಲಿ ಮಗಳು ಏನೇನು ಹೇಳುತ್ತಾಳೆ? ಅಮ್ಮೀ, ಅಬ್ಬಾ, ಪಾನಿ, ನಕ್ಕೊ, ಬಿಲ್ಲಿ, ಪಕ್ಕದ ಮನೆಯ ಅಕ್ಕನಿಂದ ಕಲಿತ 'ಬಾ', 'ಹೂವು', 'ಬೇಡ'. ಅವರು ಬೆರಳು ಮಡಚುತ್ತ ಹೋದರು, ನಾನು ದಾಖಲಾತಿ ಅರ್ಜಿಯ ಹಿಂಬದಿಯಲ್ಲಿ ಬರೆಯುತ್ತ ಹೋದೆ. ಅರವತ್ತ ಮೂರಕ್ಕೆ ಬಂದಾಗ ಹೊರಗೆ ಅವರ ಆಟೋದವನು ಹಾರ್ನ್ ಹೊಡೆಯತೊಡಗಿದ. ಆ ಮಗು ತಾಯಿಯ ಹೆಗಲ ಮೇಲಿಂದ ನನ್ನನ್ನೇ ನೋಡುತ್ತ 'ಟಾಟಾ' ಎಂದಿತು. ಅದನ್ನೂ ಸೇರಿಸಿ ಅರವತ್ತ ನಾಲ್ಕು ಮಾಡಿ, ಆ ಹಾಳೆಯ ಒಂದು ಪ್ರತಿ ಮಾಡಿಸಿ, ಮುಂದಿನ ತಪಾಸಣೆಗೆ ತೆಗೆದುಕೊಂಡು ಹೋಗಿ ಎಂದು ಅವರ ಕೈಗೆ ಕೊಟ್ಟೆ.